ಹರಾಜಿಗೆ ಮುಂಚಿನ ಲೆಕ್ಕಾಚಾರ

ಶಿರಸಿ, ಸಿದ್ದಾಪುರ, ಯಲ್ಲಾಪುರ. ಪತ್ರಿಕೆಗಳ ಪೇಟೆ ಧಾರಣೆಯಲ್ಲಿ ಈ ಮೂರು ಹೆಸರು ಒಂದರ ಕೆಳಗೊಂದು ಬರುವುದು ಎಷ್ಟೋ ವರ್ಷಗಳ ರೂಢಿ. ಎದುರಿಗೆ ಚಾಲಿ, ರಾಶಿ, ಬೆಟ್ಟೆ, ಕೆಂಪುಗೋಟು, ಕೋಕಾ ಎಂಬ ಅಡಿಕೆಯ ಬಗೆಗಳು. ಒಂದೊಂದಕ್ಕೂ ಕನಿಷ್ಠ, ಗರಿಷ್ಠ ದರ. 1923ರಲ್ಲಿ ಹುಟ್ಟಿದ ಶಿರಸಿಯ ಟಿಎಸ್‌ಎಸ್‌ನಂಥ ಸಹಕಾರ ಸಂಘದ ಅಂಗಳದಲ್ಲಿ ವ್ಯಾಪಾರಿ ಮೂಟೆಗೆ ಕೈಹಾಕಿ ಒಂದು ಹಿಡಿ ಅಡಿಕೆ ತೆಗೆಯುತ್ತಾನೆ, ಒಂದನ್ನು ಕತ್ತರಿಸಿ ಒಳಗಿನ ಬಣ್ಣ ನೋಡುತ್ತಾನೆ, ಟೆಂಡರಿನಲ್ಲಿ ದರ ಬರೆಯುತ್ತಾನೆ. ಆ ಲೆಕ್ಕ ತಪ್ಪುವುದು ಕಡಿಮೆ. ಅಡಿಕೆ ಆಗುವುದೆಲ್ಲ ಆಗಿ ಮುಗಿದಿರುತ್ತದೆ, ನಾಳೆ ಚಾಲಿ ಹೋಗಿ ಕೋಕಾ ಆಗುವ ಭಯವಿಲ್ಲ.

ಆಟಗಾರರ ಹರಾಜಿನಲ್ಲಿ ಆ ನೆಮ್ಮದಿ ಇಲ್ಲ. ಹದಿನೆಂಟು, ಇಪ್ಪತ್ತರ ಹುಡುಗ ಮುಂದೆ ಏನಾಗುತ್ತಾನೆ ಎಂಬುದಕ್ಕೆ ಬೆಲೆ ಕಟ್ಟಬೇಕು. ಇದು ಈಗ ದೂರದ ಮಾತಾಗಿಯೂ ಉಳಿದಿಲ್ಲ. ಕೊನೆಕೊಯ್ಲು ಮುಗಿದು ಮಳೆ ಹಿಡಿಯುವವರೆಗಿನ ತಿಂಗಳುಗಳಲ್ಲಿ ಘಟ್ಟದ ಮೇಲಿನ ಊರುಗಳಲ್ಲಿ ನಡೆಯುವ ಹೊನಲು ಬೆಳಕಿನ ಕಬಡ್ಡಿ, ಟೆನ್ನಿಸ್ ಬಾಲ್ ಕ್ರಿಕೆಟ್ ಪಂದ್ಯಾವಳಿಗಳಿಗೂ 'ಪ್ರೀಮಿಯರ್ ಲೀಗ್' ಎಂಬ ಹೆಸರು ಬಂದಿದೆ. ಹೆಸರಿನ ಹಿಂದೆಯೇ ಐಕಾನ್ ಆಟಗಾರ, ತಂಡದ ಮಾಲೀಕ, ಪಾಯಿಂಟ್ ಲೆಕ್ಕದ ಹರಾಜು ಎಲ್ಲವೂ ಬಂದಿವೆ. ಯಾವುದೋ ಸಭಾಭವನದಲ್ಲಿ ಊರ ಹುಡುಗರ ಫೋಟೊಗಳು ಪರದೆಯ ಮೇಲೆ ಒಂದೊಂದಾಗಿ ಬರುವಾಗ, ತಮ್ಮ ಹೆಸರಿಗೆ ಯಾರೂ ಕೈ ಎತ್ತದಿದ್ದರೆ ಎಂಬ ದಿಗಿಲು ಅವರಿಗೂ ಇರುತ್ತದೆ.

ಹೀಗೆ ಹೊಸಬರನ್ನು ಸಾಲಾಗಿ ನಿಲ್ಲಿಸಿ ಒಂದು, ಎರಡು, ಮೂರು ಎಂದು ನಂಬರ್ ಕೊಡುವುದನ್ನೇ ದೊಡ್ಡ ಉದ್ಯಮ ಮಾಡಿಕೊಂಡ ದೇಶ ಅಮೆರಿಕ. ಅಲ್ಲಿನ ಫುಟ್‌ಬಾಲ್ ಬೇರೆ ಆಟ, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಅವುಚಿಕೊಂಡು ಓಡುವಂಥದ್ದು. ಕಾಲೇಜು ತಂಡಗಳಲ್ಲಿ ಆಡಿದ ಹುಡುಗರನ್ನು ವೃತ್ತಿಪರ ಲೀಗಿನ 32 ತಂಡಗಳು ವರ್ಷಕ್ಕೊಮ್ಮೆ ಏಳು ಸುತ್ತುಗಳಲ್ಲಿ ಆರಿಸಿಕೊಳ್ಳುತ್ತವೆ. ಇದೇ ಡ್ರಾಫ್ಟ್. ಇಲ್ಲಿ ಹಣದ ಕೂಗಾಟವಿಲ್ಲ, ಸರದಿಯೇ ಎಲ್ಲ. ಹಿಂದಿನ ವರ್ಷ ಕೊನೆಯ ಸ್ಥಾನಕ್ಕೆ ಬಿದ್ದ ತಂಡಕ್ಕೆ ಮೊದಲ ಆಯ್ಕೆ, ಚಾಂಪಿಯನ್ ತಂಡಕ್ಕೆ ಸುತ್ತಿನ ಕೊನೆಯ ಸರದಿ. ಸೋತವರು ಸೋಲುತ್ತಲೇ ಇರಬಾರದು ಎಂಬ ಉದ್ದೇಶದಿಂದ 1936ರಲ್ಲಿ ಶುರುವಾದ ಏರ್ಪಾಡು ಇದು. ಮೊಟ್ಟಮೊದಲ ಡ್ರಾಫ್ಟಿನಲ್ಲಿ ಮೊಟ್ಟಮೊದಲು ಆಯ್ಕೆಯಾದ ಜೇ ಬರ್ವಾಂಗರ್ ಆ ಲೀಗಿನಲ್ಲಿ ಒಂದೇ ಒಂದು ಪಂದ್ಯವನ್ನೂ ಆಡಲಿಲ್ಲ. ಪಟ್ಟಿ ಮಾಡುವವರ ಹಣೆಬರಹ ಮೊದಲ ದಿನವೇ ಗೊತ್ತಾಗಿತ್ತು!

ಆದರೂ ಪಟ್ಟಿಗಳು ನಿಲ್ಲಲಿಲ್ಲ. ಮೆಲ್ ಕೈಪರ್ ಎಂಬ ಪಂಡಿತರು 1980ರ ದಶಕದಿಂದ ಟಿವಿಯಲ್ಲಿ ಇದನ್ನೇ ಕಸುಬು ಮಾಡಿಕೊಂಡಿದ್ದಾರೆ. ಡ್ರಾಫ್ಟಿಗೆ ತಿಂಗಳುಗಳ ಮುಂಚೆಯೇ ಯಾವ ತಂಡ ಯಾರನ್ನು ಆರಿಸೀತು ಎಂಬ ಅಣಕು ಡ್ರಾಫ್ಟುಗಳು ಹುಟ್ಟಿಕೊಳ್ಳುತ್ತವೆ. ಅಳತೆಗೆಂದೇ ಇಂಡಿಯಾನಾಪೊಲಿಸ್ ನಗರದಲ್ಲಿ 1987ರಿಂದ ಒಂದು ಶಿಬಿರ ನಡೆಯುತ್ತದೆ. ಎತ್ತರ, ತೂಕದ ಜತೆಗೆ ಅಂಗೈಯ ಅಗಲವನ್ನೂ ಅಳೆಯುತ್ತಾರೆ. ಎಲ್ಲರ ಕಣ್ಣು 40 ಗಜದ ಓಟದ ಮೇಲೆ. ನಮ್ಮ ಲೆಕ್ಕದಲ್ಲಿ ಸುಮಾರು 36.6 ಮೀಟರ್. 2024ರಲ್ಲಿ ಕ್ಸೇವಿಯರ್ ವರ್ದಿ 4.21 ಸೆಕೆಂಡಿನಲ್ಲಿ ಓಡಿ ದಾಖಲೆ ಮಾಡಿದರು. 2000ದಲ್ಲಿ ಅದೇ ಓಟಕ್ಕೆ 5.28 ಸೆಕೆಂಡ್ ತೆಗೆದುಕೊಂಡ ಒಬ್ಬ ಸಣಕಲ ಹುಡುಗ ಆರನೇ ಸುತ್ತಿನವರೆಗೂ ಕಾದು 199ನೆಯವನಾಗಿ ಆಯ್ಕೆಯಾದ. ಅವನೇ ಟಾಮ್ ಬ್ರೇಡಿ, ಮುಂದೆ ಲೀಗಿನ ಫೈನಲ್ ಆದ ಸೂಪರ್ ಬೌಲನ್ನು ಏಳು ಸಲ ಗೆದ್ದವರು. 2007ರಲ್ಲಿ ಮೊದಲನೆಯವರಾಗಿ ಆಯ್ಕೆಯಾದ ಜಮಾರ್ಕಸ್ ರಸೆಲ್ ಮೂರೇ ಋತುಗಳಲ್ಲಿ ಹೊರಬಿದ್ದರು. 2022ರ ಡ್ರಾಫ್ಟಿನ ಕಟ್ಟಕಡೆಯ, 262ನೇ ಆಟಗಾರ ಬ್ರಾಕ್ ಪರ್ಡಿ ಎರಡು ವರ್ಷ ತುಂಬುವುದರೊಳಗೆ ತಂಡವನ್ನು ಸೂಪರ್ ಬೌಲ್‌ಗೆ ಕರೆದೊಯ್ದರು.

ನಮ್ಮಲ್ಲೂ ಡ್ರಾಫ್ಟ್ ನಡೆದದ್ದುಂಟು. 2017ರ ಜುಲೈನಲ್ಲಿ ಮುಂಬೈಯಲ್ಲಿ ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲಿನ ದೇಶಿ ಆಟಗಾರರನ್ನು ಸರದಿಯ ಮೇಲೆ ಹಂಚಿದರು. ಬೆಲೆ ಮೊದಲೇ ನಿಗದಿಯಾಗಿತ್ತು. ಅನಸ್ ಎಡತೊಡಿಕ, ಯುಜೀನ್‌ಸನ್ ಲಿಂಗ್ಡೊ ಇಬ್ಬರಿಗೂ 1.10 ಕೋಟಿ ರೂಪಾಯಿ. ಆದರೆ ನಮ್ಮ ಜನಕ್ಕೆ ಒಗ್ಗಿದ್ದು ಸರದಿಯಲ್ಲ, ಸವಾಲು.

ಸವಾಲಿನಲ್ಲಿ ಅಂದಾಜು ತಪ್ಪಿದರೆ ಅದು ಕೋಟಿಗಳಲ್ಲಿ ಕಾಣುತ್ತದೆ. ಕೊಡಗಿನ ಕೆ.ಸಿ. ಕಾರಿಯಪ್ಪ ಅವರಿಗೆ 2015ರ ಐಪಿಎಲ್ ಹರಾಜಿನಲ್ಲಿ ಮೂಲಬೆಲೆ 10 ಲಕ್ಷ. ಕೋಲ್ಕತ್ತ ಕೊಟ್ಟದ್ದು 2.40 ಕೋಟಿ, ಆ ವರ್ಷ ಅವರು ಆಡಿದ್ದು ಒಂದೇ ಪಂದ್ಯ. 2021ರಲ್ಲಿ ಕರ್ನಾಟಕದ ಕೃಷ್ಣಪ್ಪ ಗೌತಮ್ ಅವರನ್ನು ಚೆನ್ನೈ 20 ಲಕ್ಷದಿಂದ ಏರಿಸುತ್ತ ಹೋಗಿ 9.25 ಕೋಟಿಗೆ ಕೊಂಡಿತು. ಭಾರತ ತಂಡಕ್ಕೆ ಇನ್ನೂ ಆಡದವರೊಬ್ಬರಿಗೆ ಅಲ್ಲಿಯವರೆಗೆ ಅಷ್ಟು ಹಣ ಬಂದಿರಲಿಲ್ಲ. ಆ ಋತುವಿನಲ್ಲಿ ಅವರಿಗೆ ಒಂದು ಪಂದ್ಯವೂ ಸಿಗಲಿಲ್ಲ. ಇದರಲ್ಲಿ ಆಟಗಾರರ ತಪ್ಪೇನೂ ಇಲ್ಲ. ಎರಡು ತಂಡಗಳಿಗೆ ಒಬ್ಬನೇ ಬೇಕಾದರೆ ಬೆಲೆ ಏರುತ್ತದೆ. ಏರಿದ ಬೆಲೆ ಕೊಂಡವರ ಹಟವನ್ನು ತೋರಿಸುತ್ತದೆಯೇ ಹೊರತು ಹುಡುಗನ ಯೋಗ್ಯತೆಯನ್ನಲ್ಲ.

ಕಬಡ್ಡಿಯ ಕತೆ ಇನ್ನೂ ಸ್ವಾರಸ್ಯದ್ದು. 2014ರ ಮೊದಲ ಪ್ರೊ ಕಬಡ್ಡಿ ಹರಾಜಿನಲ್ಲಿ ಅತಿ ಹೆಚ್ಚು ಬೆಲೆ ಬಂದದ್ದು ರಾಕೇಶ್ ಕುಮಾರ್ ಅವರಿಗೆ, 12.80 ಲಕ್ಷ. 2018ರಲ್ಲಿ ಮೊದಲ ಬಾರಿಗೆ ಕೋಟಿ ದಾಟಿತು. ಮೋನು ಗೋಯತ್ 1.51 ಕೋಟಿ. 2023ರಲ್ಲಿ ಪವನ್ ಸೆಹ್ರಾವತ್ ಅವರಿಗೆ 2.60 ಕೋಟಿಗೂ ಮಿಕ್ಕಿ ಬಂತು. ಆಟಗಾರರನ್ನು ಎ, ಬಿ, ಸಿ, ಡಿ ಎಂದು ವಿಂಗಡಿಸಿ ಇತ್ತೀಚಿನ ಹರಾಜುಗಳಲ್ಲಿ 30, 20, 13, 9 ಲಕ್ಷ ಮೂಲಬೆಲೆ ಇಟ್ಟಿದ್ದಾರೆ. ಇದೇ ಪವನ್ 2017ರಲ್ಲಿ ಗುಜರಾತ್ ತಂಡದ ಬೆಂಚಿನಲ್ಲಿ ಕೂತಿದ್ದವರು. ಮರುವರ್ಷ ಬೆಂಗಳೂರು ಬುಲ್ಸ್ ಅವರನ್ನು ಮುಖ್ಯ ರೈಡರ್ ಮಾಡಿತು. ಆ ಒಂದು ಋತುವಿನಲ್ಲಿ 271 ರೈಡ್ ಪಾಯಿಂಟ್ ಬಂದವು. 2019ರ ಜನವರಿಯ ಫೈನಲಿನಲ್ಲಿ ಅದೇ ಗುಜರಾತ್ ಎದುರು ಪವನ್ ಒಬ್ಬರೇ 22 ಪಾಯಿಂಟ್ ತಂದರು. ಬುಲ್ಸ್ 38–33ರಿಂದ ಕಪ್ ಗೆದ್ದಿತು. ಮನುಷ್ಯ ಅವನೇ, ಕಾಲು ಅವೇ. ಬದಲಾದದ್ದು ಸಿಕ್ಕ ಅವಕಾಶ.

ಹಾಗಾದರೆ ಹೊಸಬನಲ್ಲಿ ಏನು ನೋಡುತ್ತಾರೆ? ಕಬಡ್ಡಿ ಬಲ್ಲವರು ಹುಡುಗ ತಂದ ಪಾಯಿಂಟಿಗಿಂತ ಮೊದಲು ಅವನ ಪಾದ ನೋಡುತ್ತಾರೆ. ಎದುರು ಏಳು ಜನ ಸರಪಳಿ ಹಿಡಿದು ನಿಂತಾಗ 30 ಸೆಕೆಂಡಿನ ರೈಡಿನಲ್ಲಿ ಅವನ ಹಿಮ್ಮಡಿ ನೆಲಕ್ಕೆ ಅಂಟುತ್ತದೋ, ಮುಂಗಾಲ ಮೇಲೇ ಇರುತ್ತಾನೋ? ಬೋನಸ್ ಗೆರೆಗೆ ಒಂದು ಕಾಲು ಚಾಚುವಾಗ ಇನ್ನೊಂದು ಕಾಲು ಗಾಳಿಯಲ್ಲಿದೆಯೇ? ಕಾರ್ನರ್‌ನವನು ಕಣಕಾಲಿಗೆ ಬಿದ್ದಾಗ ಮಧ್ಯದ ಗೆರೆಯ ಕಡೆ ಮೈ ಚೆಲ್ಲುತ್ತಾನೋ, ಇದ್ದಲ್ಲೇ ಕುಸಿಯುತ್ತಾನೋ? ಬೋನಸ್ ಸಿಗಬೇಕಾದರೆ ಅಂಗಣದಲ್ಲಿ ಕನಿಷ್ಠ ಆರು ರಕ್ಷಕರಿರಬೇಕು. ಎದುರಿಗೆ ಐದೇ ಜನ ಉಳಿದಾಗಲೂ ಗೆರೆಗೆ ಕಾಲು ಹಾಕುವವನಿಗೆ ಲೆಕ್ಕದ ಮೇಲೆ ಗಮನವಿಲ್ಲ ಎಂದೇ ಅರ್ಥ. ಇವನ್ನೆಲ್ಲ ಒಂದು ಸಂಖ್ಯೆಯಲ್ಲಿ ಬರೆಯಲು ಬರುವುದಿಲ್ಲ. ಅದಕ್ಕೇ 2017ರ ಸುಮಾರಿಗೆ ಲೀಗಿನವರು ಊರೂರು ಸುತ್ತಿ 'ಫ್ಯೂಚರ್ ಕಬಡ್ಡಿ ಹೀರೋಸ್' ಹೆಸರಿನಲ್ಲಿ ಶೋಧ ಶುರುಮಾಡಿದರು. 2018ರಲ್ಲಿ ಹದಿಹರೆಯದಲ್ಲೇ ದೆಹಲಿ ತಂಡ ಸೇರಿದ ನವೀನ್ ಕುಮಾರ್ ಮರುವರ್ಷವೇ ಲೀಗಿನ ಅತ್ಯಮೂಲ್ಯ ಆಟಗಾರ ಎನಿಸಿಕೊಂಡರು.

ಅಮೆರಿಕದವರು ಇಂಡಿಯಾನಾಪೊಲಿಸ್‌ನಲ್ಲಿ ಅಳತೆಪಟ್ಟಿ ಬಿಚ್ಚಿದ ಅದೇ 1987ರಲ್ಲಿ ಉತ್ತರ ಕನ್ನಡದ ಕಾಡಿಗೂ ಆಯ್ಕೆಗಾರರು ಬಂದಿದ್ದರು. ಆಗ ಕೇಂದ್ರದಲ್ಲಿ ಕ್ರೀಡಾ ಖಾತೆ ನೋಡಿಕೊಳ್ಳುತ್ತಿದ್ದವರು ಮಾರ್ಗರೆಟ್ ಆಳ್ವ. ಭಾರತೀಯ ಕ್ರೀಡಾ ಪ್ರಾಧಿಕಾರದ 'ಸ್ಪೆಷಲ್ ಏರಿಯಾ ಗೇಮ್ಸ್' ಯೋಜನೆಯಡಿ ಸಿದ್ದಿ ಮಕ್ಕಳನ್ನು ಹುಡುಕಿ ಅಥ್ಲೀಟುಗಳನ್ನಾಗಿ ಮಾಡುವ ಯತ್ನವದು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಜೋಯಿಡಾ, ಶಿರಸಿ ತಾಲೂಕುಗಳ ಕಾಡಂಚಿನಲ್ಲಿ ಬದುಕುವ ಸಿದ್ದಿಯರು ಶತಮಾನಗಳ ಹಿಂದೆ ಪೋರ್ಚುಗೀಸರು, ಅರಬ್ ವ್ಯಾಪಾರಿಗಳು ಆಫ್ರಿಕಾದಿಂದ ಕರೆತಂದವರ ಸಂತತಿ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಗೋವೆಯ ಕಡೆಯಿಂದ ಘಟ್ಟ ಸೇರಿದವರು ಅವರಲ್ಲಿ ಬಹಳ. ಆಫ್ರಿಕಾ ಮೂಲದ ಓಟಗಾರರು ಜಗತ್ತನ್ನೇ ಗೆಲ್ಲುತ್ತಿರುವಾಗ ನಮ್ಮ ಕಾಡಿನಲ್ಲೂ ಅದೇ ರಕ್ತವಿದೆಯಲ್ಲ ಎಂಬುದು ಯೋಜನೆಯ ಹಿಂದಿನ ತರ್ಕ.

ತರ್ಕದಲ್ಲೇ ಒಂದು ಬಿರುಕಿತ್ತು. ಅಮೆರಿಕದವರು ಒಬ್ಬೊಬ್ಬ ಹುಡುಗನನ್ನು ಅಳೆದು ನಂಬರ್ ಕೊಟ್ಟರೆ, ಇಲ್ಲಿ ಇಡೀ ಸಮುದಾಯಕ್ಕೇ ಮುಂಗಡವಾಗಿ ಒಂದು ನಂಬರ್ ಕೊಟ್ಟಂತಾಯಿತು. ಕೀನ್ಯಾ, ಜಮೈಕಾಗಳಲ್ಲಿ ಓಟಗಾರರು ಹುಟ್ಟುವುದು ಬರಿಯ ಮೈಕಟ್ಟಿನಿಂದಲ್ಲ. ಅಲ್ಲಿ ಶಾಲೆಯ ಕ್ರೀಡಾಕೂಟವೇ ದೇಶದ ಹಬ್ಬ, ಹಿಂದಿನ ತಲೆಮಾರಿನ ಓಟಗಾರನೇ ಮುಂದಿನವನಿಗೆ ಗುರು. ಆದರೂ ಒಪ್ಪಬೇಕಾದ ಮಾತೊಂದಿದೆ: ಅಲ್ಲಿಯವರೆಗೆ ಆ ಕೇರಿಗಳತ್ತ ತಿರುಗಿಯೂ ನೋಡದ ಸರ್ಕಾರ ಮಕ್ಕಳಿಗೆ ಊಟ, ವಸತಿ, ಬೂಟು, ತರಬೇತಿ ಕೊಟ್ಟಿತು. ಕಮಲಾ ಸಿದ್ದಿ ಹರ್ಡಲ್ಸ್ ಓಟಗಾರ್ತಿಯಾಗಿ ಬೆಳೆದು ಭಾರತದ ಪರವಾಗಿ ಓಡಿದರು. ಇನ್ನೂ ಹಲವರು ರಾಷ್ಟ್ರಮಟ್ಟ ಮುಟ್ಟಿದರು.

1990ರ ದಶಕದ ಮೊದಲ ಭಾಗದಲ್ಲಿ ಸಿದ್ದಿ ಮಕ್ಕಳಿಗಾಗಿನ ಆ ಯತ್ನ ನಿಂತುಹೋಯಿತು. ಕೆಲವರು ಕ್ರೀಡಾ ಕೋಟಾದಲ್ಲಿ ನೌಕರಿ ಹಿಡಿದರು, ಹಲವರು ಊರಿಗೆ ಮರಳಿ ಕೂಲಿ, ಬೇಸಾಯಕ್ಕೆ ಇಳಿದರು. ಹತ್ತು ಹನ್ನೆರಡರ ವಯಸ್ಸಿನಲ್ಲಿ ಆರಿಸಿದ ಮಗು ಅಥ್ಲೀಟಾಗಿ ಮಾಗಲು ಎಷ್ಟು ವರ್ಷ ಬೇಕೋ ಅಷ್ಟು ವರ್ಷವೂ ಯೋಜನೆ ಬಾಳಲಿಲ್ಲ. ಆರಿಸಿದ್ದರಲ್ಲಿ ತಪ್ಪಿತ್ತೋ ಇಲ್ಲವೋ, ನಡುವೆ ಕೈಬಿಟ್ಟದ್ದಂತೂ ತಪ್ಪು. ಕ್ರೀಡೆಯ ಬೀಜ ಮಾತ್ರ ಪೂರ್ತಿ ಸಾಯಲಿಲ್ಲ. ಹಳಿಯಾಳದ ಕುಸ್ತಿ ಅಖಾಡದಿಂದ ಲೀನಾ ಸಿದ್ದಿಯಂಥ ಪೈಲ್ವಾನರು ಬಂದರು. ಮುಂಡಗೋಡದಲ್ಲಿ ಬ್ರಿಡ್ಜಸ್ ಆಫ್ ಸ್ಪೋರ್ಟ್ಸ್ ಸಂಸ್ಥೆ ಓಟಗಾರರನ್ನು ತಯಾರು ಮಾಡುತ್ತಿದೆ. ರವಿಕಿರಣ್ ಸಿದ್ದಿ ನೂರು ಮೀಟರ್ ಓಟದಲ್ಲಿ ಹೆಸರು ಮಾಡಿದ್ದು ಅಲ್ಲಿಂದಲೇ.

ಇವತ್ತಿನ ಮಕ್ಕಳ ಪಾಲಿಗೆ ಮೊದಲ ಡ್ರಾಫ್ಟ್ ಎಂದರೆ ಕ್ರೀಡಾ ಶಾಲೆ, ಕ್ರೀಡಾ ವಸತಿ ನಿಲಯಗಳ ಆಯ್ಕೆ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ತಾಲೂಕು ಮಟ್ಟದಲ್ಲಿ ನಡೆಸುವ ಆಯ್ಕೆ ಅದು. ಶಿರಸಿಯ ಮಾರಿಕಾಂಬಾ ಕ್ರೀಡಾಂಗಣ, ಸಿದ್ದಾಪುರದ ನೆಹರೂ ಮೈದಾನ, ಯಲ್ಲಾಪುರದ ಕಾಳಮ್ಮನಗರ ಕ್ರೀಡಾಂಗಣ, ಈ ಮೂರೂ ಇಲ್ಲಿನ ಶಾಲಾ ಮಕ್ಕಳ ಕಾಲಿಗೆ ಪರಿಚಿತ. ಐದನೇ ತರಗತಿ, ಎಂಟನೇ ತರಗತಿ, ಪಿಯುಸಿ ಎಂಬ ಮೂರು ಹಂತದಲ್ಲಿ ಬಾಗಿಲು ತೆರೆಯುತ್ತದೆ. ಇಂಥ ಆಯ್ಕೆಗಳಲ್ಲಿ ಎತ್ತರ, ತೂಕ, 30 ಮೀಟರ್ ಓಟ, ನಿಂತಲ್ಲಿಂದ ಜಿಗಿತ, 800 ಮೀಟರ್, ಹತ್ತು ಮೀಟರ್ ಅಂತರವನ್ನು ಹಿಂದೆ ಮುಂದೆ ಒಟ್ಟು ಆರು ಸಲ ಓಡುವ ಷಟಲ್ ಓಟ ಇರುತ್ತವೆ. ಷಟಲ್ ಓಟದಲ್ಲಿ ಒಂದು ಮಗು ಗೆರೆ ದಾಟಿ ಎರಡು ಹೆಜ್ಜೆ ಹೋಗಿ ತಿರುಗುತ್ತದೆ, ಇನ್ನೊಂದು ಗೆರೆಯ ಮೇಲೇ ಸೊಂಟ ತಗ್ಗಿಸಿ ತಿರುಗುತ್ತದೆ. ಎರಡನೆಯದನ್ನು ಯಾರೋ ಕಬಡ್ಡಿಗೋ ಖೋಖೋಗೋ ಪಳಗಿಸಿದ್ದಾರೆ ಎಂದು ಅನುಭವಿ ದೈಹಿಕ ಶಿಕ್ಷಕರಿಗೆ ತಕ್ಷಣ ತಿಳಿಯುತ್ತದೆ. ಸ್ಟಾಪ್‌ವಾಚ್‌ಗೆ ತಿಳಿಯುವುದಿಲ್ಲ. ಅದು ಇಬ್ಬರ ಹೆಸರಿನ ಮುಂದೆಯೂ ಸೆಕೆಂಡನ್ನಷ್ಟೇ ಬರೆಯುತ್ತದೆ.

ಇನ್ನೊಂದು ತೊಡಕು ಹುಟ್ಟಿದ ತಿಂಗಳಿನದು. 1980ರ ದಶಕದಲ್ಲಿ ಕೆನಡಾದ ಐಸ್ ಹಾಕಿ ತಂಡಗಳನ್ನು ಗಮನಿಸಿದವರಿಗೆ ಆಟಗಾರರಲ್ಲಿ ಜನವರಿ, ಫೆಬ್ರವರಿ, ಮಾರ್ಚ್‌ನಲ್ಲಿ ಹುಟ್ಟಿದವರೇ ಹೆಚ್ಚೆಂದು ಕಂಡಿತು. ಅಲ್ಲಿ ವಯಸ್ಸಿನ ಗುಂಪು ಜನವರಿಯಿಂದ ಲೆಕ್ಕ. ಒಂದೇ ಗುಂಪಿನಲ್ಲಿ ಹತ್ತು ಹನ್ನೊಂದು ತಿಂಗಳು ದೊಡ್ಡವನಾದ ಹುಡುಗ ಸಹಜವಾಗಿ ಬಲಿಷ್ಠ. ಅವನನ್ನು ಆರಿಸುತ್ತಾರೆ, ಆರಿಸಿದ್ದರಿಂದ ಅವನಿಗೆ ಒಳ್ಳೆಯ ತರಬೇತಿ ಸಿಗುತ್ತದೆ, ತರಬೇತಿಯಿಂದ ಅವನು ಮುಂದೆ ನಿಜಕ್ಕೂ ಮೇಲಾಗುತ್ತಾನೆ. ನಾಲ್ಕನೇ ತರಗತಿಯಲ್ಲಿ ಎಲ್ಲರಿಗಿಂತ ಕುಳ್ಳಗಿದ್ದ ಮಗು ಹದಿನೈದಕ್ಕೆ ಸರ್ರನೆ ಎತ್ತರವಾಗುವುದನ್ನು ಮನೆಯವರೆಲ್ಲ ಕಂಡಿದ್ದಾರೆ. ಆಯ್ಕೆಯ ಪಟ್ಟಿಗೆ ಅಷ್ಟು ದಿನ ಕಾಯುವ ವ್ಯವಧಾನವಿಲ್ಲ.

ಶಿರಸಿ ಶೈಕ್ಷಣಿಕ ಜಿಲ್ಲೆಯ ಶಾಲೆಗಳ ದೈಹಿಕ ಶಿಕ್ಷಕರಲ್ಲಿ, ತಂದೆ ತಾಯಿಯರಲ್ಲಿ ಕೇಳಬೇಕಾದದ್ದು ಇಷ್ಟೆ: ಐದನೇ ತರಗತಿಯ ಆಯ್ಕೆಯಲ್ಲಿ ಹೆಸರು ಬರಲಿಲ್ಲವೆಂದು ಮಗುವನ್ನು ಮೈದಾನದಿಂದ ಬಿಡಿಸಬೇಡಿ. ಆ ದಿನದ ಅಳತೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ, ಪ್ರತಿವರ್ಷ ಅದೇ ಓಟ, ಅದೇ ಜಿಗಿತ ಮಾಡಿಸಿ ಪಕ್ಕದಲ್ಲೇ ಬರೆಯಿರಿ. ಎಂಟನೇ ತರಗತಿಗೆ ಬಾಗಿಲು ಮತ್ತೆ ತೆರೆದಾಗ ಆ ನೋಟ್‌ಬುಕ್ ಹಿಡಿದುಕೊಂಡೇ ಕ್ರೀಡಾಂಗಣಕ್ಕೆ ಕರೆದುಕೊಂಡು ಹೋಗಿ.