ಜೇನಿನ ಅಬ್ಸೊಲ್ಯೂಟ್ ಮತ್ತು ನೈಸರ್ಗಿಕ ಸುಗಂಧದ್ರವ್ಯಗಳು: ಕಿಲೋ ಬೆಲೆಯಾಚೆಗಿನ ಲೆಕ್ಕಾಚಾರ

ಸುಗಂಧದ್ರವ್ಯಗಳ ತಯಾರಿಕೆ ಮತ್ತು ವ್ಯಾಪಾರ ಕರ್ನಾಟಕಕ್ಕೆ ಹೊಸದಲ್ಲ. 1916ರಲ್ಲಿ ಮೈಸೂರಿನಲ್ಲಿ ಸರ್ಕಾರಿ ಶ್ರೀಗಂಧದ ಎಣ್ಣೆ ಕಾರ್ಖಾನೆ ಆರಂಭವಾದಂದಿನಿಂದ ಈ ರಾಜ್ಯದ ಹೆಸರು ವಿಶ್ವದ ಸುಗಂಧ ಮಾರುಕಟ್ಟೆಯಲ್ಲಿ ನೆಲೆನಿಂತಿದೆ. ಮೈಸೂರು ಮತ್ತು ಬೆಂಗಳೂರಿನ ಅಗರಬತ್ತಿ ಉದ್ಯಮ, ದವನದ ಎಣ್ಣೆ, ಮಲ್ಲಿಗೆ ಹಾಗೂ ಸುಗಂಧರಾಜ ಹೂವುಗಳ ಕೃಷಿ ಇವೆಲ್ಲವೂ ಅದೇ ಪರಂಪರೆಯ ಮುಂದುವರಿಕೆ. ಇತ್ತೀಚಿನ ವರ್ಷಗಳಲ್ಲಿ 'ನೈಸರ್ಗಿಕ' ಎಂಬ ಪದಕ್ಕೆ ಗ್ರಾಹಕರಿಂದ ಬೇಡಿಕೆ ಹೆಚ್ಚಿರುವುದರಿಂದ, ಇದುವರೆಗೆ ಸಂಶ್ಲೇಷಿತ ರಾಸಾಯನಿಕಗಳನ್ನೇ ಅವಲಂಬಿಸಿದ್ದ ಸಣ್ಣ ಮತ್ತು ಮಧ್ಯಮ ಘಟಕಗಳೂ ಜೇನಿನ ಅಬ್ಸೊಲ್ಯೂಟ್, ಮಲ್ಲಿಗೆ ಅಬ್ಸೊಲ್ಯೂಟ್ ಮೊದಲಾದ ನೈಸರ್ಗಿಕ ಸಾರಗಳ ಕಡೆಗೆ ದೃಷ್ಟಿ ಹರಿಸುತ್ತಿವೆ.

ಈ ಹಂತದಲ್ಲಿ ಉದ್ಯಮಿಗಳು ಸಾಮಾನ್ಯವಾಗಿ ಎರಡು ಬಗೆಯ ತಪ್ಪು ನಿರ್ಧಾರಗಳನ್ನು ಕೈಗೊಳ್ಳುವ ಸಂಭವವಿದೆ. ಬೆಲೆಪಟ್ಟಿಯಲ್ಲಿ ಕಿಲೋ ದರವನ್ನು ಕಂಡು ಹೆದರಿ ನೈಸರ್ಗಿಕ ಸಾರವನ್ನು ಸಂಪೂರ್ಣವಾಗಿ ಕೈಬಿಡುವುದು ಮೊದಲನೆಯದು. ಅತಿ ಕಡಿಮೆ ದರಕ್ಕೆ ಸಿಕ್ಕಿತೆಂದು ದಾಖಲೆಗಳಿಲ್ಲದ ಸರಕನ್ನು ಖರೀದಿಸುವುದು ಎರಡನೆಯದು. ಎರಡಕ್ಕೂ ಮೂಲ ಒಂದೇ: ಕಿಲೋ ದರವನ್ನೇ ವೆಚ್ಚವೆಂದು ಭಾವಿಸುವುದು. ವಾಸ್ತವವಾಗಿ ಬಳಕೆಯ ಪ್ರಮಾಣ, ಇಳುವರಿ, ಶುದ್ಧತೆ ಮತ್ತು ದಾಖಲೆ ಈ ನಾಲ್ಕೂ ಸೇರಿ ವೆಚ್ಚವನ್ನು ನಿರ್ಧರಿಸುತ್ತವೆ.

ಅಬ್ಸೊಲ್ಯೂಟ್ ಎಂದರೇನು?

ಶ್ರೀಗಂಧ, ಲಾವಂಚ, ದವನ ಮುಂತಾದವುಗಳ ಎಣ್ಣೆಯನ್ನು ಹಬೆಯ ಮೂಲಕ ಬಟ್ಟಿ ಇಳಿಸಿ ಪಡೆಯಲಾಗುತ್ತದೆ. ಆದರೆ ಮಲ್ಲಿಗೆ, ಸುಗಂಧರಾಜದಂತಹ ಕೋಮಲ ಹೂವುಗಳ ಪರಿಮಳ ಹಬೆಯ ತಾಪವನ್ನು ತಾಳುವುದಿಲ್ಲ. ಆದ್ದರಿಂದ ಅವುಗಳನ್ನು ಹೆಕ್ಸೇನ್‌ನಂತಹ ದ್ರಾವಕದಲ್ಲಿ ನೆನೆಸಿ, ನಂತರ ದ್ರಾವಕವನ್ನು ಆವಿಯಾಗಿಸಿ ಬೇರ್ಪಡಿಸಲಾಗುತ್ತದೆ. ಆಗ ಉಳಿಯುವ ಮೇಣದಂತಹ ಪದಾರ್ಥವೇ 'ಕಾಂಕ್ರೀಟ್'. ಇದನ್ನು ಮದ್ಯಸಾರದಲ್ಲಿ ಕಲಸಿ, ತಂಪುಗೊಳಿಸಿ, ಮೇಣವನ್ನು ಸೋಸಿ ತೆಗೆದು, ಮದ್ಯಸಾರವನ್ನೂ ಬೇರ್ಪಡಿಸಿದಾಗ ದೊರೆಯುವ ಸಾಂದ್ರವಾದ ಸುಗಂಧಸಾರವೇ 'ಅಬ್ಸೊಲ್ಯೂಟ್'. ಈ ಪಾರಿಭಾಷಿಕ ಪದಗಳ ಅರ್ಥವನ್ನು ಐಎಸ್‌ಒ 9235 ಮಾನಕವು ನಿಗದಿಪಡಿಸಿದ್ದು, ಖರೀದಿ ಆದೇಶದಲ್ಲಿ ಇದನ್ನು ಉಲ್ಲೇಖಿಸುವುದರಿಂದ ಮುಂದಿನ ವಿವಾದಗಳನ್ನು ತಪ್ಪಿಸಬಹುದು.

ಜೇನಿನ ಸಾರದ ಸ್ವರೂಪ

ಜೇನುತುಪ್ಪವನ್ನು ನೇರವಾಗಿ ಅತ್ತರಿಗೆ ಬೆರೆಸಲು ಸಾಧ್ಯವಿಲ್ಲ. ಜೇನುತುಪ್ಪದ ಬಹುಭಾಗ ಸಕ್ಕರೆ ಮತ್ತು ನೀರು. ಸಾಂದ್ರ ಮದ್ಯಸಾರದಲ್ಲಿ ಸಕ್ಕರೆ ಕರಗದೆ ತಳದಲ್ಲಿ ನಿಲ್ಲುತ್ತದೆ. ಎಣ್ಣೆಯಲ್ಲಿಯೂ ಅದು ಬೆರೆಯುವುದಿಲ್ಲ. ಪರಿಮಳವನ್ನು ನೀಡುವ ಅಂಶ ಅತ್ಯಲ್ಪ ಪ್ರಮಾಣದಲ್ಲಿದ್ದು, ಅದನ್ನು ಮಾತ್ರ ದ್ರಾವಕದ ಮೂಲಕ ಸೆಳೆದಾಗ ಜೇನಿನ ಅಬ್ಸೊಲ್ಯೂಟ್ ದೊರೆಯುತ್ತದೆ. ಜೇನುಮೇಣದಿಂದಲೂ ಇದೇ ರೀತಿ ಮದ್ಯಸಾರದ ಮೂಲಕ ಪ್ರತ್ಯೇಕ ಅಬ್ಸೊಲ್ಯೂಟ್ ತಯಾರಾಗುತ್ತದೆ. ಒಣಹುಲ್ಲು, ಮೇಣ, ತಂಬಾಕುಗಳನ್ನು ನೆನಪಿಸುವ ಬೆಚ್ಚನೆಯ ಸಿಹಿ ಪರಿಮಳ ಇವೆರಡರ ಲಕ್ಷಣ. ಇವು ಒಂದೇ ಸರಕಲ್ಲ. ಆದರೂ ವ್ಯಾಪಾರದಲ್ಲಿ ಹೆಸರುಗಳು ಬೆರೆತುಹೋಗುವುದುಂಟು. ಮೂಲವಸ್ತು ಜೇನುತುಪ್ಪವೋ ಜೇನುಮೇಣವೋ ಎಂಬುದನ್ನು ಸರಬರಾಜುದಾರರಿಂದ ಲಿಖಿತವಾಗಿ ಪಡೆಯುವುದು ಅಗತ್ಯ.

ಬಳಕೆಯಲ್ಲಿ ಮೂರು ಅಂಶಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಪ್ರಮಾಣ ಮೀರಿದರೆ ಜೇನಿನ ಸಿಹಿ ಪರಿಮಳವೇ ಪ್ರಾಣಿಜನ್ಯ ಘಾಟಾಗಿ ಪರಿಣಮಿಸುತ್ತದೆ. ಎರಡನೆಯದಾಗಿ, ಸಾರವು ಗಾಢ ಬಣ್ಣದ್ದಾದ್ದರಿಂದ ಬಿಳಿ ಸಾಬೂನು, ತಿಳಿ ಬಣ್ಣದ ಕ್ರೀಮುಗಳ ಬಣ್ಣವನ್ನು ಕೆಡಿಸಬಹುದು. ಮೂರನೆಯದಾಗಿ, ಅದರಲ್ಲಿ ಉಳಿದ ಮೇಣದ ಅಂಶದಿಂದ ಅತ್ತರು ಮಬ್ಬಾಗುವ ಸಾಧ್ಯತೆಯಿರುವುದರಿಂದ ತಂಪುಗೊಳಿಸಿ ಸೋಸುವ ವೆಚ್ಚವನ್ನೂ ಲೆಕ್ಕಕ್ಕೆ ಸೇರಿಸಬೇಕು.

ಅಗರಬತ್ತಿಯ ವಿಷಯ ಬೇರೆ. ಮಸಾಲೆ ಬತ್ತಿಗಳಲ್ಲಿ ಹಾಲುಮಡ್ಡಿಯೊಡನೆ ಜೇನುತುಪ್ಪವನ್ನು ಬೆರೆಸುವ ಪದ್ಧತಿ ಹಿಂದಿನಿಂದಲೂ ಇದೆ. ಅಲ್ಲಿ ಜೇನುತುಪ್ಪ ಹದಕ್ಕಾಗಿ ಬಳಸುವ ಪದಾರ್ಥವೇ ಹೊರತು ಸುಗಂಧಸಾರವಲ್ಲ. ಉರಿಯುವಾಗ ಹೂವಿನ ಸೂಕ್ಷ್ಮ ಪರಿಮಳಗಳು ಬಹುಮಟ್ಟಿಗೆ ನಷ್ಟವಾಗುವುದರಿಂದ, ದುಬಾರಿ ಅಬ್ಸೊಲ್ಯೂಟ್‌ಗಳನ್ನು ಬತ್ತಿಗೆ ಬಳಸುವ ಮೊದಲು ಉರಿಸಿ ಪರೀಕ್ಷಿಸುವುದು ಲೇಸು.

ಪ್ರಮಾಣವೇ ವೆಚ್ಚವನ್ನು ನಿರ್ಧರಿಸುತ್ತದೆ

ಒಂದು ಉದಾಹರಣೆಯಿಂದ ಈ ವಿಷಯ ಸ್ಪಷ್ಟವಾಗುತ್ತದೆ. ಇಲ್ಲಿನ ದರಗಳು ಲೆಕ್ಕದ ಅನುಕೂಲಕ್ಕಾಗಿ ಕಲ್ಪಿಸಿದವು. ಜೇನಿನ ಅಬ್ಸೊಲ್ಯೂಟ್‌ನ ದರ ಕಿಲೋಗೆ 60,000 ರೂಪಾಯಿ ಎಂದಿಟ್ಟುಕೊಳ್ಳೋಣ. ಸುಗಂಧ ಮಿಶ್ರಣದಲ್ಲಿ ಅದರ ಪಾಲು ಶೇ. 0.5, ಸಿದ್ಧ ಅತ್ತರಿನಲ್ಲಿ ಮಿಶ್ರಣದ ಪಾಲು ಶೇ. 15, ಉಳಿದುದು ಮದ್ಯಸಾರ. ಒಂದು ಕಿಲೋ ಅತ್ತರಿಗೆ 150 ಗ್ರಾಂ ಮಿಶ್ರಣ, ಅದರಲ್ಲಿ 0.75 ಗ್ರಾಂ ಜೇನಿನ ಸಾರ. ಇದರ ಬೆಲೆ 45 ರೂಪಾಯಿ. 50 ಮಿಲಿ ಬಾಟಲಿಯಲ್ಲಿ ಸುಮಾರು 42 ಗ್ರಾಂ ಅತ್ತರಿದ್ದರೆ, ಬಾಟಲಿಯೊಂದಕ್ಕೆ ತಗಲುವ ವೆಚ್ಚ ಎರಡು ರೂಪಾಯಿಗಿಂತಲೂ ಕಡಿಮೆ!

ಈಗ ಕಿಲೋಗೆ 3 ಲಕ್ಷ ರೂಪಾಯಿ ದರದ ಮಲ್ಲಿಗೆ ಅಬ್ಸೊಲ್ಯೂಟ್ ಅದೇ ಮಿಶ್ರಣದಲ್ಲಿ ಶೇ. 5ರಷ್ಟಿದೆ ಎಂದುಕೊಳ್ಳೋಣ. ಒಂದು ಕಿಲೋ ಅತ್ತರಿಗೆ 7.5 ಗ್ರಾಂ ಬೇಕಾಗಿ, 2,250 ರೂಪಾಯಿ ತಗಲುತ್ತದೆ. ಬಾಟಲಿಯೊಂದಕ್ಕೆ ಸುಮಾರು 94 ರೂಪಾಯಿ. ಎರಡು ಸಾರಗಳ ಕಿಲೋ ದರದಲ್ಲಿರುವ ವ್ಯತ್ಯಾಸ ಐದು ಪಟ್ಟು. ಬಾಟಲಿಯ ವೆಚ್ಚದಲ್ಲಿನ ವ್ಯತ್ಯಾಸ ಐವತ್ತು ಪಟ್ಟು. ಆದ್ದರಿಂದ ಪ್ರತಿಯೊಂದು ಸಾರವನ್ನೂ ಕಿಲೋ ದರದಿಂದಲ್ಲ, ಒಂದು ಬಾಟಲಿಗೆ ಅಥವಾ ಒಂದು ಕಿಲೋ ಸಿದ್ಧ ಸರಕಿಗೆ ತಗಲುವ ವೆಚ್ಚದಿಂದ ಅಳೆಯಬೇಕು. ಎರಡು ರೂಪಾಯಿಯ ಅಂಶದಲ್ಲಿ ಉಳಿತಾಯ ಮಾಡಲು ಹೋಗಿ ಉತ್ಪನ್ನದ ಗುಣವನ್ನು ಕಳೆದುಕೊಳ್ಳುವುದು ಜಾಣತನವಲ್ಲ.

ಇಳುವರಿಯ ಏರಿಳಿತ

ಸಾರವನ್ನು ಸ್ವತಃ ತಯಾರಿಸುವ ಅಥವಾ ಹೂವನ್ನು ಕೊಟ್ಟು ಕೂಲಿ ಆಧಾರದ ಮೇಲೆ ತಯಾರಿಸಿಕೊಳ್ಳುವ ಘಟಕಗಳಿಗೆ ಇಳುವರಿಯೇ ಜೀವಾಳ. ಜಾಜಿ ಮಲ್ಲಿಗೆಯಿಂದ ಸುಮಾರು ಶೇ. 0.3ರಷ್ಟು ಕಾಂಕ್ರೀಟ್, ಆ ಕಾಂಕ್ರೀಟ್‌ನಿಂದ ಸರಿಸುಮಾರು ಅರ್ಧದಷ್ಟು ಅಥವಾ ತುಸು ಹೆಚ್ಚು ಅಬ್ಸೊಲ್ಯೂಟ್ ದೊರೆಯುತ್ತದೆ. ಶೇ. 55 ಎಂದು ಹಿಡಿದರೆ 1,000 ಕಿಲೋ ಹೂವಿನಿಂದ 3 ಕಿಲೋ ಕಾಂಕ್ರೀಟ್, 1.65 ಕಿಲೋ ಅಬ್ಸೊಲ್ಯೂಟ್. ಹೂವಿನ ದರ ಕಿಲೋಗೆ 200 ರೂಪಾಯಿ ಎಂದು ಕಲ್ಪಿಸಿದರೆ, ಅಬ್ಸೊಲ್ಯೂಟ್‌ನ ಕಚ್ಚಾಮಾಲಿನ ವೆಚ್ಚವೇ ಕಿಲೋಗೆ ಸುಮಾರು 1,21,000 ರೂಪಾಯಿ. ಕಾಂಕ್ರೀಟ್‌ನ ಇಳುವರಿ ಶೇ. 0.25ಕ್ಕೆ ಇಳಿದರೆ ಅದೇ ವೆಚ್ಚ ಸುಮಾರು 1,45,000 ರೂಪಾಯಿಗೆ ಏರುತ್ತದೆ. ನೋಡಲು ಅತ್ಯಲ್ಪವೆನಿಸುವ ಈ ಕುಸಿತದಿಂದ ವೆಚ್ಚದಲ್ಲಿ ಶೇ. 20ರಷ್ಟು ಏರಿಕೆ!

ಇಂತಹ ಕುಸಿತಕ್ಕೆ ಹವಾಮಾನ ಮಾತ್ರ ಕಾರಣವಲ್ಲ. ಮಲ್ಲಿಗೆ ಹೂವನ್ನು ಬೆಳಗಿನ ತಂಪಿನಲ್ಲಿಯೇ ಬಿಡಿಸಿ, ಅದೇ ದಿನ ಸಂಸ್ಕರಿಸಬೇಕು. ಬಿಸಿಲೇರಿದ ಮೇಲೆ ಕೊಯ್ದ, ಚೀಲದಲ್ಲಿ ಒತ್ತಿ ತುಂಬಿದ, ದಾರಿಯಲ್ಲಿ ತಡವಾದ ಹೂವಿನ ತೂಕ ಉಳಿದಿದ್ದರೂ ಪರಿಮಳ ಉಳಿದಿರುವುದಿಲ್ಲ. ಹೀಗಾಗಿ ಬೆಳೆಗಾರರಿಗೆ ತೂಕದ ದರದ ಜೊತೆಗೆ ಸಮಯಕ್ಕೆ ಸರಿಯಾಗಿ ತಲುಪಿಸಿದ್ದಕ್ಕೆ ಹೆಚ್ಚುವರಿ ದರ ನೀಡುವುದು ಖರೀದಿದಾರರಿಗೂ ಲಾಭದಾಯಕವೇ.

ಜೇನಿನ ವಿಷಯದಲ್ಲಿ ಪೂರೈಕೆಯ ಅಪಾಯ ಬೇರೆ ಬಗೆಯದು. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಾಣು ರೋಗವು ದಕ್ಷಿಣ ಭಾರತದ ತುಡುವೆ ಜೇನು ಕುಟುಂಬಗಳನ್ನು ಭಾರಿ ಪ್ರಮಾಣದಲ್ಲಿ ನಾಶಪಡಿಸಿತು. ಅಲ್ಲದೆ ಹೂವಿನ ಮೂಲ ಬದಲಾದಂತೆ ಜೇನಿನ ಪರಿಮಳವೂ ಬದಲಾಗುತ್ತದೆ. ಒಂದೇ ಪ್ರದೇಶ, ಒಂದೇ ಋತುವಿನ ಸರಕನ್ನು ಅವಲಂಬಿಸಿದ ಉತ್ಪನ್ನಕ್ಕೆ ಮರುವರ್ಷ ಅದೇ ಪರಿಮಳ ದೊರೆಯುವ ಭರವಸೆ ಇಲ್ಲ. ಪ್ರತಿ ಬ್ಯಾಚಿನಿಂದಲೂ ಮಾದರಿಯನ್ನು ತೆಗೆದಿರಿಸಿ, ಹೊಸ ಬ್ಯಾಚನ್ನು ಅದರೊಡನೆ ಹೋಲಿಸಿದ ನಂತರವೇ ಸ್ವೀಕರಿಸುವ ಪದ್ಧತಿಯನ್ನು ರೂಢಿಸಿಕೊಳ್ಳಬೇಕು.

ಶುದ್ಧತೆಯ ಪ್ರಶ್ನೆ

ದರ ಹೆಚ್ಚಿರುವಲ್ಲಿ ಕಲಬೆರಕೆಯೂ ಹೆಚ್ಚು. ಶ್ರೀಗಂಧದ ಎಣ್ಣೆಗೆ ಐಎಸ್‌ಒ 3518 ಮಾನಕವಿದ್ದು, ಆಲ್ಫಾ ಸ್ಯಾಂಟಲಾಲ್ ಶೇ. 41ರಿಂದ 55, ಬೀಟಾ ಸ್ಯಾಂಟಲಾಲ್ ಶೇ. 16ರಿಂದ 24ರಷ್ಟಿರಬೇಕು. ಗ್ಯಾಸ್ ಕ್ರೊಮಾಟೊಗ್ರಫಿ ಪರೀಕ್ಷೆಯಿಂದ ಇದನ್ನು ತಿಳಿಯಬಹುದು. ಜೇನಿನ ಸಾರಕ್ಕೆ ಫಿನೈಲ್ ಅಸಿಟಿಕ್ ಆಮ್ಲ ಮತ್ತು ಅದರ ಎಸ್ಟರ್‌ಗಳನ್ನು ಬೆರೆಸಿದರೆ ಮೂಗಿಗೆ ಜೇನಿನದೇ ಪರಿಮಳ ತಟ್ಟುತ್ತದೆ. ಅವುಗಳ ಬಳಕೆ ತಪ್ಪಲ್ಲ. ಸಂಶ್ಲೇಷಿತವೆಂದು ತಿಳಿದು, ಸಂಶ್ಲೇಷಿತದ ದರವನ್ನೇ ಕೊಟ್ಟು ಬಳಸಬಹುದು. ನೈಸರ್ಗಿಕದ ದರ ಕೊಟ್ಟು ಸಂಶ್ಲೇಷಿತವನ್ನು ಪಡೆಯುವುದೇ ನಷ್ಟ.

ಇಲ್ಲಿ ಇನ್ನೊಂದು ಎಚ್ಚರಿಕೆಯೂ ಅವಶ್ಯ. ಫಿನೈಲ್ ಅಸಿಟಿಕ್ ಆಮ್ಲವು ಮಾದಕವಸ್ತುಗಳ ಅಕ್ರಮ ತಯಾರಿಕೆಗೂ ಬಳಕೆಯಾಗುವುದರಿಂದ, 1988ರ ವಿಶ್ವಸಂಸ್ಥೆಯ ಒಡಂಬಡಿಕೆಯ ನಿಯಂತ್ರಿತ ಪದಾರ್ಥಗಳ ಪಟ್ಟಿಯಲ್ಲಿದೆ. ಅದರ ಆಮದು ಅಥವಾ ರಫ್ತು ವ್ಯವಹಾರಕ್ಕೆ ಮುಂದಾಗುವ ಮೊದಲು ಅನ್ವಯವಾಗುವ ಅನುಮತಿಗಳನ್ನು ಪರಿಶೀಲಿಸಬೇಕು. ದಾಸ್ತಾನಿನ ಲೆಕ್ಕವನ್ನು ಚೊಕ್ಕಟವಾಗಿಡಬೇಕು.

ಕಾನೂನು ಮತ್ತು ರಫ್ತು ನಿಯಮಗಳು

'ನೈಸರ್ಗಿಕ' ಎಂದರೆ 'ನಿರಪಾಯಕಾರಿ' ಎಂದರ್ಥವಲ್ಲ. 1973ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಸುಗಂಧ ಸಂಘವು (ಇಫ್ರಾ) ಮಲ್ಲಿಗೆ ಅಬ್ಸೊಲ್ಯೂಟ್ ಸೇರಿದಂತೆ ಹಲವು ನೈಸರ್ಗಿಕ ಸಾರಗಳ ಬಳಕೆಗೆ ಮಿತಿಗಳನ್ನು ವಿಧಿಸಿದೆ. ಐರೋಪ್ಯ ಒಕ್ಕೂಟವು 2023ರಲ್ಲಿ ಹೊರಡಿಸಿದ ನಿಯಮದ ಮೂಲಕ, ಲೇಬಲ್ಲಿನಲ್ಲಿ ಹೆಸರಿಸಬೇಕಾದ ಅಲರ್ಜಿಕಾರಕ ಸುಗಂಧದ್ರವ್ಯಗಳ ಪಟ್ಟಿಯನ್ನು 26ರಿಂದ 80ಕ್ಕೂ ಹೆಚ್ಚಿಗೆ ವಿಸ್ತರಿಸಿದೆ. ಚರ್ಮದ ಮೇಲೆ ಉಳಿಯುವ ಉತ್ಪನ್ನಗಳಲ್ಲಿ ಶೇ. 0.001, ತೊಳೆದುಹೋಗುವ ಉತ್ಪನ್ನಗಳಲ್ಲಿ ಶೇ. 0.01 ಮೀರಿದರೆ ಹೆಸರಿಸುವುದು ಕಡ್ಡಾಯ. ಈ ವಿಸ್ತೃತ ಪಟ್ಟಿಯು ಹೊಸ ಉತ್ಪನ್ನಗಳಿಗೆ 2026ರ ಜುಲೈ 31ರಿಂದ ಅನ್ವಯಿಸುವಂತೆಯೂ, ಅದಕ್ಕೂ ಮೊದಲೇ ಮಾರುಕಟ್ಟೆಯಲ್ಲಿರುವ ಉತ್ಪನ್ನಗಳಿಗೆ 2028ರ ಜುಲೈ 31ರವರೆಗೆ ಕಾಲಾವಕಾಶವಿರುವಂತೆಯೂ ನಿಗದಿಯಾಗಿದೆ. ರಫ್ತುದಾರರು ಪ್ರತಿ ಸಾರದ ಅಲರ್ಜಿಕಾರಕ ಅಂಶಗಳ ಪತ್ರವನ್ನು ಸರಬರಾಜುದಾರರಿಂದ ಕೇಳಿ ಪಡೆಯಬೇಕು.

ದೇಶೀಯ ಮಾರುಕಟ್ಟೆಯಲ್ಲಿ ಅತ್ತರು ಪ್ರಸಾಧನ ಸಾಮಗ್ರಿಯಾಗಿದ್ದು, 2020ರ ಪ್ರಸಾಧನ ಸಾಮಗ್ರಿಗಳ ನಿಯಮಗಳಿಗೆ ಒಳಪಡುತ್ತದೆ. ಮದ್ಯಸಾರದ ಸಂಗ್ರಹ ಮತ್ತು ಬಳಕೆಗೆ ಅಬಕಾರಿ ಇಲಾಖೆಯ ನಿಯಮಗಳು ಪ್ರತ್ಯೇಕ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ದಾರಿತಪ್ಪಿಸುವ ಜಾಹೀರಾತನ್ನು ನಿಷೇಧಿಸಿದ್ದು, 2024ರಲ್ಲಿ ಹೊರಬಂದ ಮಾರ್ಗಸೂಚಿಗಳು 'ನೈಸರ್ಗಿಕ', 'ಶುದ್ಧ' ಎಂಬಂತಹ ಪದಗಳನ್ನು ಪರಿಸರಸ್ನೇಹಿ ಎಂಬ ಅರ್ಥದಲ್ಲಿ ಬಳಸುವಾಗ ಆಧಾರ ಒದಗಿಸಬೇಕೆಂದು ವಿಧಿಸಿವೆ. ಶೇ. 0.5ರಷ್ಟು ಜೇನಿನ ಸಾರವನ್ನು ಸೇರಿಸಿ ಇಡೀ ಅತ್ತರನ್ನು ನೈಸರ್ಗಿಕವೆಂದು ಪ್ರಚಾರ ಮಾಡುವುದು ಅಪಾಯಕ್ಕೆ ಆಹ್ವಾನ. 'ಜೇನಿನ ನೈಸರ್ಗಿಕ ಸಾರವನ್ನು ಒಳಗೊಂಡಿದೆ' ಎಂಬ ಸೀಮಿತವಾದ ಹೇಳಿಕೆಯೇ ಸುರಕ್ಷಿತ. ಅದಕ್ಕೂ ಖರೀದಿಯ ದಾಖಲೆ ಬೇಕು.

ಲೆಕ್ಕಪತ್ರ ನಿರ್ವಹಣೆ

ಸುಂಕಪಟ್ಟಿಯ 33ನೆಯ ಅಧ್ಯಾಯದಲ್ಲಿ ಸಾರಭೂತ ಎಣ್ಣೆ, ಕಾಂಕ್ರೀಟ್ ಮತ್ತು ಅಬ್ಸೊಲ್ಯೂಟ್‌ಗಳು 3301, ಸುಗಂಧ ಮಿಶ್ರಣಗಳು 3302, ಅತ್ತರು 3303 ಶೀರ್ಷಿಕೆಯಡಿ ಬರುತ್ತವೆ. ಇನ್ವಾಯ್ಸಿನಲ್ಲಿ 'ಅಬ್ಸೊಲ್ಯೂಟ್' ಎಂದು ಬರೆದು 3302ರ ಸಂಖ್ಯೆಯನ್ನು ನಮೂದಿಸಿದ್ದರೆ, ಸರಕು ನಿಜವಾಗಿ ಮಿಶ್ರಣವೇ ಎಂದು ವಿಚಾರಿಸಲು ಅದೇ ಸಾಕಷ್ಟು ಕಾರಣ.

ಸಂಸ್ಕರಣೆಯಲ್ಲಿ ಸಹಜವಾಗಿ ಆಗುವ ತೂಕದ ನಷ್ಟ ಉತ್ಪನ್ನದ ವೆಚ್ಚದ ಭಾಗ. ಅಸಹಜ ನಷ್ಟವನ್ನು ಆಯಾ ಅವಧಿಯ ಖರ್ಚೆಂದೇ ತೋರಿಸಬೇಕೆಂಬುದು ದಾಸ್ತಾನು ಮೌಲ್ಯಮಾಪನದ ಲೆಕ್ಕಪತ್ರ ಮಾನಕದ ನಿಲುವು. ಕೆಟ್ಟುಹೋದ ಅಥವಾ ಲೆಕ್ಕದಿಂದ ತೆಗೆದುಹಾಕಿದ ಸರಕಿನ ಮೇಲೆ ಪಡೆದ ಹೂಡುವಳಿ ತೆರಿಗೆ ಜಮೆ ಜಿಎಸ್‌ಟಿ ಕಾಯ್ದೆಯ ಪ್ರಕಾರ ದೊರೆಯುವುದಿಲ್ಲ. ಸಹಜ ನಷ್ಟ ಎಷ್ಟು ಎಂಬುದನ್ನು ಬ್ಯಾಚುವಾರು ದಾಖಲೆಯಿಂದ ತೋರಿಸಲು ಸಾಧ್ಯವಾಗದಿದ್ದರೆ ತನಿಖೆಯ ಸಮಯದಲ್ಲಿ ತೊಂದರೆ ತಪ್ಪದು. ಕಚ್ಚಾಮಾಲನ್ನು ಹೊರಗಿನ ಘಟಕಕ್ಕೆ ಕೂಲಿ ಕೆಲಸಕ್ಕಾಗಿ ತೆರಿಗೆಯಿಲ್ಲದೆ ಕಳುಹಿಸಿದ ನೋಂದಾಯಿತ ವ್ಯಾಪಾರಿಯು ಅದನ್ನು ಒಂದು ವರ್ಷದೊಳಗೆ ಹಿಂಪಡೆಯಬೇಕು ಅಥವಾ ಅಲ್ಲಿಂದಲೇ ನಿಯಮಾನುಸಾರ ವಿಲೇವಾರಿ ಮಾಡಬೇಕು. ಕಾಂಕ್ರೀಟ್‌ನಿಂದ ಬೇರ್ಪಟ್ಟ ಮೇಣಕ್ಕೂ ಬೆಲೆಯುಂಟು. ಅದು ಯಾರಿಗೆ ಸೇರಬೇಕೆಂಬುದನ್ನು ಕರಾರಿನಲ್ಲಿಯೇ ಬರೆಯಬೇಕು.

ಒಟ್ಟಿನಲ್ಲಿ, ನೈಸರ್ಗಿಕ ಸುಗಂಧಸಾರಗಳ ಬಳಕೆಗೆ ಮುಂದಾಗುವ ಘಟಕವು ಮೊದಲು ಒಂದೇ ಉತ್ಪನ್ನದಲ್ಲಿ, ಒಂದೆರಡು ಸಾರಗಳಿಂದ ಪ್ರಾರಂಭಿಸುವುದು ಸೂಕ್ತ. ಬಾಟಲಿವಾರು ವೆಚ್ಚದ ಪಟ್ಟಿ, ಪ್ರತಿ ಬ್ಯಾಚಿನ ಮಾದರಿ, ಪ್ರಯೋಗಾಲಯದ ವರದಿ, ಮೂಲವಸ್ತುವಿನ ಲಿಖಿತ ಘೋಷಣೆ ಈ ನಾಲ್ಕು ಕಡತದಲ್ಲಿದ್ದರೆ ಜೇನಿನ ಸಾರದಂತಹ ದುಬಾರಿ ಪದಾರ್ಥವೂ ಸಣ್ಣ ಉದ್ಯಮಿಯ ಕೈಗೆಟುಕುತ್ತದೆ. ಇವಿಲ್ಲದೆ ಖರೀದಿಸಿದ ಅಗ್ಗದ ಸರಕು ಕೊನೆಗೆ ದುಬಾರಿಯಾಗಿಯೇ ಪರಿಣಮಿಸುತ್ತದೆ.