ತಟ್ಟೆಗೆ ಸವರುವ ಜಿಡ್ಡು

ಜೋಳದ ರೊಟ್ಟಿಗೆ ಜಿಡ್ಡಿನ ಹಂಗಿಲ್ಲ. ಕಾದ ಹಂಚಿನ ಮೇಲೆ ಹಾಕಿ ಒದ್ದೆಯ ಬಟ್ಟೆಯಿಂದ ನೀರು ಸವರಿದರಾಯಿತು. ಬೆಂದ ರೊಟ್ಟಿ ತಾನಾಗಿಯೇ ಹಂಚನ್ನು ಬಿಡುತ್ತದೆ. ಆದುದರಿಂದಲೇ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಸೀಮೆಯ ಅಡಿಗೆಮನೆಗಳಲ್ಲಿ ಪಾತ್ರೆಗೆ ಏನು ಸವರಬೇಕೆಂಬ ಪ್ರಶ್ನೆ, ಹೋಳಿಗೆಯ ದಿನವನ್ನು ಬಿಟ್ಟರೆ, ಬಹುಕಾಲ ಹುಟ್ಟಿರಲಿಲ್ಲ. ಈಗ ಹುಟ್ಟಿದೆ. ಮಕ್ಕಳ ಹುಟ್ಟುಹಬ್ಬಕ್ಕೆ ಮೊಟ್ಟೆಯಿಲ್ಲದ ಕೇಕನ್ನು ಮನೆಯಲ್ಲಿಯೇ ಮಾಡುವ ತಾಯಂದಿರನ್ನು ನಾವು ನಮ್ಮ ಬಂಧುಗಳ ಮನೆಗಳಲ್ಲಿ ಕಾಣುತ್ತಿದ್ದೇವೆ. ಓವನ್ ಇದ್ದವರು ಅದರಲ್ಲಿ, ಇಲ್ಲದವರು ಕುಕ್ಕರಿನ ತಳಕ್ಕೆ ಉಪ್ಪು ಇಲ್ಲವೆ ಮರಳು ಹರವಿ, ಸೀಟಿಯನ್ನೂ ರಬ್ಬರನ್ನೂ ತೆಗೆದಿಟ್ಟು ಬೇಯಿಸುತ್ತಾರೆ. ಕೇಕು ಉಬ್ಬುತ್ತದೆ, ಪರಿಮಳವೂ ಬರುತ್ತದೆ. ಕೊನೆಗೆ ತಟ್ಟೆಯನ್ನು ಬೋರಲು ಹಾಕಿದಾಗ ಅರ್ಧ ಕೇಕು ತಳದಲ್ಲಿಯೇ ಉಳಿಯುತ್ತದೆ.

ಸವರುವುದು ಒಂದು ಚಮಚ ಮಾತ್ರ, ಅದಕ್ಕೇಕೆ ಇಷ್ಟು ವಿಚಾರವೆಂದು ಕೇಳುವವರುಂಟು. ಇಷ್ಟಲಿಂಗಕ್ಕೆ ಅರ್ಪಿಸಿ ಪ್ರಸಾದವೆಂದು ಸ್ವೀಕರಿಸುವ ಮನೆಗೆ ಇದು ಸಣ್ಣ ಮಾತಲ್ಲ. ಸವರಿದ ಜಿಡ್ಡು ತಟ್ಟೆಯಲ್ಲಷ್ಟೇ ನಿಲ್ಲುವುದಿಲ್ಲ. ಬೇಯುವಾಗ ಹೊರಪದರಕ್ಕೆ ಇಳಿದು ಪದಾರ್ಥವೇ ಆಗಿಬಿಡುತ್ತದೆ. ೧೯೮೩ರಲ್ಲಿ ವನಸ್ಪತಿಯಲ್ಲಿ ದನದ ಕೊಬ್ಬು ಬೆರೆತಿರುವ ಸುದ್ದಿ ಹೊರಬಿದ್ದು ದೇಶವೆಲ್ಲ ತಲ್ಲಣಿಸಿತು. ಸರಕಾರವು ಆ ಕೊಬ್ಬಿನ ಆಮದನ್ನು ನಿಷೇಧಿಸಿತು. ಹಿರಿಯರಲ್ಲಿ ಹಲವರು ಇಂದಿಗೂ ಡಬ್ಬಿಯ ತುಪ್ಪವೆಂದರೆ ಮುಖ ತಿರುಗಿಸುವುದು ಆ ನೆನಪಿನಿಂದಲೇ. ವನಸ್ಪತಿಯ ಮೇಲೆ ಈಗಿರುವ ಆಕ್ಷೇಪ ಬೇರೆಯದು. ಎಣ್ಣೆಯನ್ನು ಗಟ್ಟಿಯಾಗಿಸುವಾಗ ಹುಟ್ಟುವ ಟ್ರಾನ್ಸ್ ಕೊಬ್ಬು ಹೃದಯಕ್ಕೆ ಕೇಡು ಮಾಡುವಂಥದು. ೨೦೨೨ರ ಜನವರಿಯಿಂದ ಅದು ಎಣ್ಣೆ, ಕೊಬ್ಬುಗಳಲ್ಲಿ ನೂರಕ್ಕೆ ೨ರಷ್ಟನ್ನು ಮೀರಬಾರದೆಂಬ ನಿಯಮ ಜಾರಿಗೆ ಬಂದಿದೆ. ನಿಯಮ ಒಳ್ಳೆಯದೇ. ಆದರೂ ಮನೆಯಲ್ಲಿ ತುಪ್ಪವಿರುವಾಗ ವನಸ್ಪತಿಯ ಡಬ್ಬಿ ತರುವ ಅಗತ್ಯ ನಮಗೆ ಕಾಣುವುದಿಲ್ಲ.

ಬೆಣ್ಣೆಯನ್ನೇ ಸವರಿದರಾಗದೆ? ಅಂಗಡಿಯ ಬೆಣ್ಣೆಯಲ್ಲಿ ಕೊಬ್ಬು ನೂರಕ್ಕೆ ೮೦ರಷ್ಟು. ಉಳಿದುದರಲ್ಲಿ ನೀರೇ ಹೆಚ್ಚು, ಜೊತೆಗಿಷ್ಟು ಹಾಲಿನ ಅಂಶ. ಮನೆಯಲ್ಲಿ ಕಡೆದ ಬೆಣ್ಣೆಯಲ್ಲಿ ನೀರು ಇನ್ನೂ ಹೆಚ್ಚಿರಬಹುದು. ಕಾದಾಗ ನೀರು ಆವಿಯಾಗಿ ಹೋಗಿ ಅಲ್ಲಲ್ಲಿ ತಟ್ಟೆ ಬರಿದಾಗುತ್ತದೆ. ಹಾಲಿನ ಅಂಶ ಕಂದಿ ತಳಕ್ಕೆ ಹತ್ತುತ್ತದೆ. ಅದೇ ಬೆಣ್ಣೆಯನ್ನು ಕಾಯಿಸಿ ಸೋಸಿದರೆ ಈ ಎರಡು ದೋಷಗಳೂ ಹೋಗುತ್ತವೆ. ತುಪ್ಪವು ಸುಮಾರು ೨೫೦ ಡಿಗ್ರಿಯವರೆಗೂ ಹೊಗೆಯಾಡದು. ಕೇಕಿಗೆ ಬೇಕಾದ ಶಾಖ ೧೮೦ ಡಿಗ್ರಿಯಷ್ಟೆ. ಇನ್ನೊಂದು ಗುಣವೂ ಅದಕ್ಕುಂಟು. ಹೆರೆತ ತುಪ್ಪ ತಟ್ಟೆಯ ಗೋಡೆಗೆ ಅಂಟಿ ನಿಲ್ಲುತ್ತದೆ. ಎಣ್ಣೆಯಾದರೋ ಜಾರಿ ತಳ ಸೇರುತ್ತದೆ.

ನಮ್ಮ ಸೀಮೆಯ ಎಣ್ಣೆ ಕುಸುಬಿಯದು. ಹಿಂಗಾರಿ ಜೋಳದ ಹೊಲದ ಅಂಚಿಗೆ, ದನ ಒಳನುಗ್ಗದಂತೆ, ಮುಳ್ಳಿನ ಕುಸುಬಿಯನ್ನು ಬಿತ್ತುವ ಪದ್ಧತಿ ಹಳೆಯದು. ಗಾಣದ ಕುಸುಬಿ ಎಣ್ಣೆಯ ರುಚಿಯನ್ನು ಉಂಡವರೇ ಬಲ್ಲರು. ಅಷ್ಟಾದರೂ ಕೇಕಿನ ತಟ್ಟೆಗೆ ಅದು ಸಲ್ಲದು. ಕುಸುಬಿ ಎಣ್ಣೆಯ ಮುಕ್ಕಾಲು ಪಾಲು ಲಿನೋಲಿಕ್ ಆಮ್ಲ. ಇಂಥ ಎಣ್ಣೆ ಗಾಳಿ, ಬಿಸಿ ತಾಗಿದರೆ ಒಣಗಿ ಪೊರೆಗಟ್ಟುತ್ತದೆ; ಈ ಗುಣಕ್ಕಾಗಿಯೇ ಅದನ್ನು ಬಣ್ಣ, ವಾರ್ನಿಷ್‌ಗಳಿಗೆ ಬಳಸುತ್ತಾರೆ. ತಟ್ಟೆಯ ಅಂಚಿಗೆ ಹತ್ತಿದ ತೆಳುವಾದ ಎಣ್ಣೆ ಮೂರು ನಾಲ್ಕು ಸಲ ಕಾದರೆ ಹಳದಿ ಗೋಂದಿನಂತೆ ಅಂಟಾಗಿ, ಎಷ್ಟು ತಿಕ್ಕಿದರೂ ಬಿಡದಾಗುತ್ತದೆ. ಆದರೆ ಕಬ್ಬಿಣದ ಹೊಸ ಹಂಚಿಗೆ ಈ ದೋಷವೇ ಗುಣ. ತೊಳೆದು ಒಣಗಿಸಿದ ಹಂಚಿಗೆ ಕುಸುಬಿ ಎಣ್ಣೆಯನ್ನು ತೆಳ್ಳಗೆ ಸವರಿ, ಬಟ್ಟೆಯಿಂದ ಒರೆಸಿ, ಹೊಗೆಯಾಡುವವರೆಗೆ ಕಾಯಿಸಬೇಕು. ನಾಲ್ಕೈದು ಸಲ ಹೀಗೆ ಮಾಡಿದರೆ ಕರಿಯ ಪೊರೆ ಕಟ್ಟಿ, ಬಸವ ಜಯಂತಿಯ ಹೋಳಿಗೆ ಹರಿಯದೆ ಏಳುತ್ತದೆ. ಹಂಚಿಗೆ ಸವರಲು ಅರ್ಧ ಉಳ್ಳಾಗಡ್ಡಿಯನ್ನು ಬಳಸುವವರುಂಟು. ನೈವೇದ್ಯದ ಅಡಿಗೆಯಲ್ಲಿ ಅದನ್ನು ಒಲ್ಲದವರಿಗೆ ಬದನೆಕಾಯಿಯ ತೊಟ್ಟಿನ ತುಂಡು ಸಾಕು. ಇಂಡಿಯ ನಿಂಬೆ ಎಷ್ಟೇ ಹೆಸರಾಗಿದ್ದರೂ ಈ ಹಂಚನ್ನು ಮಾತ್ರ ಅದರಿಂದ ತಿಕ್ಕಬಾರದು. ಹುಳಿ ತಾಗಿದರೆ ಪೊರೆ ಕಿತ್ತುಹೋಗಿ ತುಕ್ಕು ಹಿಡಿಯುತ್ತದೆ.

ಕೇಕಿಗೆ ನಾವು ಹೇಳುವ ಕ್ರಮ ಸುಲಭವಾದುದು. ತುಪ್ಪ, ಶೇಂಗಾ ಎಣ್ಣೆ, ಗೋದಿಹಿಟ್ಟು ಒಂದೊಂದು ಚಮಚ ಕಲಸಿ ನುಣ್ಣಗೆ ಮಾಡಿರಿ. ಎಂಟು ಅಂಗುಲದ ತಟ್ಟೆಗೆ ಬೆರಳಿನಿಂದ ಮೂಲೆಮೂಲೆಗೂ ಸವರಿರಿ. ಜಿಡ್ಡು ಜಾರದಂತೆ ಹಿಟ್ಟು ಹಿಡಿಯುತ್ತದೆ. ಶೇಂಗಾ ಎಣ್ಣೆ ಕುಸುಬಿಯಷ್ಟು ಬೇಗ ಅಂಟುಗಟ್ಟದು. ಬೆಂದ ಕೇಕನ್ನು ಹತ್ತು ನಿಮಿಷ ಆರಲು ಬಿಟ್ಟು ಆಮೇಲೆ ಬೋರಲು ಹಾಕಿರಿ. ಅವಸರ ಮಾಡಿದರೆ ಯಾವ ಜಿಡ್ಡೂ ಕಾಯದು.

ಬೇಕರಿಯಿಂದ ತರುವ ಬ್ರೆಡ್ಡು, ಖಾರಿಗಳ ಮಾತು ಉಳಿಯಿತು. ಮುಚ್ಚಿದ ಪೊಟ್ಟಣದ ಮೇಲೆ ಶಾಕಾಹಾರದ ಹಸಿರು ಚುಕ್ಕಿ ಇರಬೇಕೆಂಬ ನಿಯಮ ೨೦೦೧ರಲ್ಲಿ ಬಂದಿತು. ಬಿಡಿಯಾಗಿ ತೂಗಿ ಕೊಡುವ ಪದಾರ್ಥದ ಮೇಲೆ ಅಂಥ ಚುಕ್ಕಿ ಕಾಣಸಿಗದು. ಅಲ್ಲಿ ಕೇಳಿಯೇ ತಿಳಿಯಬೇಕು: ತಟ್ಟೆಗೆ ಏನು ಸವರುತ್ತೀರಿ, ಮೊಟ್ಟೆಯ ಕೇಕು ಬೇಯಿಸಿದ ತಟ್ಟೆಯಲ್ಲಿಯೇ ಇದನ್ನೂ ಬೇಯಿಸುತ್ತೀರಾ ಎಂದು. ಕೇಳಲು ಸಂಕೋಚಪಡಬೇಕಾಗಿಲ್ಲ, ದಿನವೂ ನಾಲ್ಕು ಮನೆಯವರು ಕೇಳತೊಡಗಿದರೆ ಅಂಗಡಿಯವರು ಬೇರೆ ತಟ್ಟೆಗಳನ್ನು ತಾವಾಗಿಯೇ ಇಟ್ಟಾರು.