ಬೆಟ್ಟದ ರಜೆಗೆ ಬೆಟ್ಟದ್ದೇ ಪಂಚಾಂಗ

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಕಡೂರಿನವರಿಗೆ ಚೆನ್ನಾಗಿ ಒಪ್ಪುತ್ತದೆ. ಊರಿನ ತೆಂಗಿನ ತೋಟಗಳ ಅಂಚಿನಲ್ಲಿ ನಿಂತು ನೋಡಿದರೆ ಬಾಬಾಬುಡನ್‌ಗಿರಿ ಶ್ರೇಣಿ ಒಂದು ನೀಲಿ ಗೆರೆ ಮಾತ್ರ. ತರೀಕೆರೆ ದಾಟಿ ಲಿಂಗದಹಳ್ಳಿಯ ಕಡೆ ಹೊರಟರೆ ಆ ಗೆರೆಯೇ ಗೋಡೆಯಾಗಿ ಎದ್ದು ನಿಲ್ಲುತ್ತದೆ. ಅಜ್ಜಂಪುರದ ಕಪ್ಪು ಮಣ್ಣಿನ ಹೊಲಗಳಿಂದ ಬೆಳಿಗ್ಗೆ ಹೊರಟವರು ಮಧ್ಯಾಹ್ನದ ಊಟದ ಹೊತ್ತಿಗೆ ಮಂಜು ಕವಿದ ಶೋಲಾ ಕಾಡಿನಲ್ಲಿರಬಹುದು. ಇಷ್ಟು ಹತ್ತಿರವಿರುವುದರಿಂದಲೇ ಅಲ್ಲಿಗೆ ಹೋಗಲು ಯೋಜನೆ ಬೇಕೆಂದು ಯಾರಿಗೂ ಅನ್ನಿಸುವುದಿಲ್ಲ. ಶನಿವಾರ ಮನಸ್ಸಾದರೆ ಭಾನುವಾರ ಹೊರಟಾಯಿತು.

ಬೆಟ್ಟದ ರಜೆಯನ್ನು ಒಂದು ಉದ್ಯಮವಾಗಿಯೇ ಬೆಳೆಸಿದ ಫ್ರಾನ್ಸಿನಲ್ಲಿ ಹೀಗೆ ನಡೆಯುವುದಿಲ್ಲ. ಆಲ್ಪ್ಸ್ ಪರ್ವತದ ತಪ್ಪಲಿನ ಶಮೋನಿ ಎಂಬ ಊರಿನಲ್ಲಿ 1924ರಲ್ಲಿ ಮೊದಲ ಚಳಿಗಾಲದ ಒಲಿಂಪಿಕ್ಸ್ ನಡೆಯಿತು. ಅಲ್ಲಿನ ಕಣಿವೆಗಳಿಗೆ ಸ್ಕೀ ಆಡಲು ಹೋಗುವ ಕುಟುಂಬ ಮೊದಲು ನೋಡುವುದು ಹೋಟೆಲನ್ನಲ್ಲ, ಕ್ಯಾಲೆಂಡರನ್ನು. ಹಿಮ ಯಾವಾಗ ಬೀಳುತ್ತದೆ, ಶಾಲೆಗಳಿಗೆ ರಜೆ ಯಾವಾಗ ಎಂಬುದೇ ಮುಖ್ಯ. ಎಲ್ಲರೂ ಒಂದೇ ವಾರ ಬೆಟ್ಟಕ್ಕೆ ನುಗ್ಗಬಾರದೆಂದು ಫ್ರಾನ್ಸ್ ಸರ್ಕಾರ ದೇಶವನ್ನು ಮೂರು ವಲಯಗಳಾಗಿ ವಿಂಗಡಿಸಿ, ಶಾಲೆಗಳ ಚಳಿಗಾಲದ ರಜೆಯನ್ನು ಹಿಂದುಮುಂದಾಗಿ ಕೊಡುತ್ತದೆ.

ಅದಕ್ಕಿಂತ ಹಳೆಯ ಪಂಚಾಂಗವೂ ಅಲ್ಲಿದೆ. ಸವಾಯ್ ಪ್ರಾಂತದಲ್ಲಿ ಬೇಸಿಗೆ ಬಂದರೆ ದನಗಳು ಮೇಲಿನ ಹುಲ್ಲುಗಾವಲಿಗೆ ಹತ್ತುತ್ತವೆ, ಚಳಿ ಶುರುವಾಗುವ ಮುನ್ನ ಇಳಿಯುತ್ತವೆ. ಹೆಸರುವಾಸಿಯಾದ ಬೋಫೋರ್ ಚೀಸ್ ಆ ಹಾಲಿನದು. ಬೇಸಿಗೆಯಲ್ಲಿ ದನ ಕಾಯುವ ಮನೆಯವರಲ್ಲಿ ಎಷ್ಟೋ ಮಂದಿ ಚಳಿಗಾಲದಲ್ಲಿ ಸ್ಕೀ ಕಲಿಸುತ್ತಾರೆ, ಇಲ್ಲವೇ ಲಿಫ್ಟ್ ನಡೆಸುತ್ತಾರೆ. ಪ್ರವಾಸಿಯ ರಜೆ ಕಣಿವೆಯ ದುಡಿಮೆಯ ಲೆಕ್ಕಕ್ಕೆ ಹೊಂದಿಕೊಂಡಿದೆ.

ನಮ್ಮ ಬೆಟ್ಟದಲ್ಲಿ ಹಿಮವಿಲ್ಲ. ಆದರೆ ಪಂಚಾಂಗ ಇದೆ. ಅಜ್ಜಂಪುರದ ಅಮೃತ ಮಹಲ್ ತಳಿ ಸಂವರ್ಧನಾ ಕೇಂದ್ರವೇ ಇದಕ್ಕೆ ಸಾಕ್ಷಿ. ಮೈಸೂರು ಅರಸರ ಕಾಲದಿಂದ ಈ ತಳಿಯ ದನಗಳಿಗೆ ಮೀಸಲಾದ ಕಾವಲುಗಳಿದ್ದವು. ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು, ಬೇಸಿಗೆಗೊಂದು ಎಂದು ವಿಂಗಡಿಸಿ, ಹುಲ್ಲು ನೀರು ನೋಡಿಕೊಂಡು ಹಿಂಡನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ನಡೆಸುತ್ತಿದ್ದರು. ಋತುವನ್ನು ನೋಡಿ ಹೆಜ್ಜೆ ಇಡಬೇಕೆಂಬ ಬುದ್ಧಿ ಈ ಸೀಮೆಗೆ ಹೊಸದಲ್ಲ.

ಕೆಂಪು ಮಣ್ಣಿನ ಗುಂಡಿ

ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿ ಸಮುದ್ರಮಟ್ಟದಿಂದ ಸುಮಾರು 1,434 ಮೀಟರ್ ಎತ್ತರದಲ್ಲಿದೆ. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಬೇಸಿಗೆ ಬಿಡಾರವಾಗಿದ್ದ ಕಾರಣ ಇದಕ್ಕೆ ಕೃಷ್ಣರಾಜೇಂದ್ರ ಗಿರಿಧಾಮ ಎಂಬ ಹೆಸರೂ ಇದೆ. ಆದರೆ ಜನರ ಬಾಯಲ್ಲಿ ಉಳಿದದ್ದು ಮಣ್ಣಿನ ಹೆಸರು. ಆ ಕೆಂಪಿಗೆ ಕಾರಣ ಕಬ್ಬಿಣದ ಅದಿರು.

ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಆರಂಭಿಸಿದಾಗ ಅದಕ್ಕೆ ಅದಿರು ಹೋದದ್ದು ಈ ಬೆಟ್ಟದಿಂದ. ಮೇಲೆ ಅಗೆದ ಅದಿರು ತೊಟ್ಟಿಗಳಲ್ಲಿ ತುಂಬಿ ಹಗ್ಗದಾರಿಯಲ್ಲಿ ತೇಲುತ್ತಾ ತಣಿಗೆಬೈಲಿಗೆ ಇಳಿಯುತ್ತಿತ್ತು. ಅಲ್ಲಿಂದ ಟ್ರಾಮ್ ರೈಲು ಅದನ್ನು ಕಾರ್ಖಾನೆಗೆ ಸಾಗಿಸುತ್ತಿತ್ತು. ಆಲ್ಪ್ಸ್‌ನಲ್ಲಿ ಇಂತಹುದೇ ಹಗ್ಗದಲ್ಲಿ ಪ್ರವಾಸಿಗರು ಕುಳಿತು ಶಿಖರ ಏರುತ್ತಾರೆ. ಇಲ್ಲಿ ಕೆಳಗಿಳಿದದ್ದು ಬೆಟ್ಟವೇ. ಗಣಿಗಾರಿಕೆ ನಿಂತು ವರ್ಷಗಳೇ ಸಂದಿವೆ. ಇಂದು ತೋಟಗಾರಿಕೆ ಇಲಾಖೆಯ ಗುಲಾಬಿ ತೋಟದಲ್ಲಿ ಫೋಟೋ ತೆಗೆಸಿಕೊಳ್ಳುವವರಿಗೆ ಆ ಗಾಯದ ನೆನಪಿಲ್ಲ.

ಯಾವಾಗ, ಹೇಗೆ?

ಬೆಟ್ಟದ ಲೆಕ್ಕ ಹೀಗಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಡಿಮಳೆ. ಜಲಪಾತಗಳು ತುಂಬಿರುತ್ತವೆ, ನಿಜ. ಆದರೆ ಮಂಜಿನಲ್ಲಿ ಹತ್ತು ಮಾರು ದೂರ ಕಾಣದು, ಇಂಬಳದ ಕಾಟ ಬೇರೆ, ಗುಡ್ಡ ಜರಿದರೆ ರಸ್ತೆಯೂ ಬಂದ್. ಅಕ್ಟೋಬರ್‌ನಿಂದ ಜನವರಿವರೆಗೆ ಹಸಿರೂ ಇರುತ್ತದೆ, ಆಕಾಶವೂ ತಿಳಿಯಾಗಿರುತ್ತದೆ. ಮೊದಲ ಸಲ ಹೋಗುವವರಿಗೆ ಇದೇ ಸೂಕ್ತ ಕಾಲ. ಇದರ ಕೊನೆಯ ಭಾಗದಲ್ಲಿ ಕಾಫಿ ಕೊಯ್ಲು ನಡೆಯುವುದರಿಂದ ತೋಟದ ದಾರಿಗಳಲ್ಲಿ ಆಳುಗಳ, ಲಾರಿಗಳ ಓಡಾಟ ಹೆಚ್ಚು. ಡಿಸೆಂಬರ್‌ನ ದತ್ತ ಜಯಂತಿಯ ದಿನಗಳಲ್ಲಿ ಗಿರಿಶ್ರೇಣಿಗೆ ಪ್ರವಾಸಿಗರ ಪ್ರವೇಶವನ್ನು ಜಿಲ್ಲಾಡಳಿತ ನಿರ್ಬಂಧಿಸುವುದುಂಟು. ಆ ತಾರೀಖುಗಳನ್ನು ಮೊದಲೇ ತಿಳಿದಿರಬೇಕು. ಫೆಬ್ರವರಿಯ ನಂತರ ಹುಲ್ಲು ಒಣಗಿ ಕಾಳ್ಗಿಚ್ಚಿನ ಭಯ. ಹೂಮಳೆ ಬಿದ್ದರೆ ಕಾಫಿ ಗಿಡಗಳು ಬೆಳ್ಳಗೆ ಅರಳುತ್ತವೆ. ಹಿಮ ಕಾಣದ ನಾಡಿಗೆ ಕೆಲವು ದಿನದ ಬಿಳುಪೆಂದರೆ ಅದೇ.

ಬೆಂಗಳೂರು-ಹುಬ್ಬಳ್ಳಿ ರೈಲು ಮಾರ್ಗದಲ್ಲಿ ಕಡೂರು, ಬೀರೂರು, ಅಜ್ಜಂಪುರ ಮೂರೂ ಬರುತ್ತವೆ. ತರೀಕೆರೆ ಇರುವುದು ಬೀರೂರಿನಲ್ಲಿ ಕವಲೊಡೆಯುವ ಶಿವಮೊಗ್ಗ ಮಾರ್ಗದಲ್ಲಿ. ಬೀರೂರಿನಿಂದಾಗಲಿ, ತರೀಕೆರೆಯಿಂದಾಗಲಿ ರಸ್ತೆ ಲಿಂಗದಹಳ್ಳಿ, ಕಲ್ಲತ್ತಿಗಿರಿಯ ಮೂಲಕ ಬೆಟ್ಟ ಏರುತ್ತದೆ. ಒಂದೇ ದಿನದಲ್ಲಿ ಹೋಗಿ ಬರುವುದಕ್ಕಿಂತ ಎರಡು ರಾತ್ರಿ ಉಳಿಯುವುದು ಮೇಲು. ತೋಟಗಾರಿಕೆ ಇಲಾಖೆಯ ಅತಿಥಿಗೃಹಗಳನ್ನು ಮುಂಗಡವಾಗಿ ಕಾಯ್ದಿರಿಸಬೇಕು. ಬೇಸಿಗೆಯಲ್ಲೂ ಒಂದು ಸ್ವೆಟರ್ ಚೀಲದಲ್ಲಿರಲಿ.

ಮೊದಲ ದಿನ ಏರುವ ದಾರಿಯಲ್ಲಿ ಕಲ್ಲತ್ತಿಗಿರಿಯ ಜಲಪಾತ, ಅದರ ಬುಡದ ವೀರಭದ್ರ ದೇವಸ್ಥಾನ. ಎರಡನೆಯ ದಿನ ಬೆಳಿಗ್ಗೆ ಬೇಗ ಎದ್ದು ಝಡ್ ಪಾಯಿಂಟ್‌ಗೆ ಕಾಲ್ನಡಿಗೆ, ಆಮೇಲೆ ಹೆಬ್ಬೆ ಜಲಪಾತ. ಮೂರನೆಯ ದಿನ ಇಳಿದು ಬಂದು, ತರೀಕೆರೆ ಸಮೀಪದ ಅಮೃತಾಪುರದಲ್ಲಿ ಕ್ರಿ.ಶ. 1196ರ ಹೊಯ್ಸಳ ದೇಗುಲ ಅಮೃತೇಶ್ವರನ ದರ್ಶನ.

ಮನೆ ಬಿಟ್ಟವರು, ನೀರು ಕಾಯುವವರು

ಹೆಬ್ಬೆಗೆ ಹೋಗುವವರು ಒಂದು ಸಂಗತಿ ತಿಳಿದಿರಬೇಕು. ಅದು ಭದ್ರಾ ಅಭಯಾರಣ್ಯದ ಭಾಗ. 1998ರಲ್ಲಿ ಹುಲಿ ಯೋಜನೆಗೆ ಸೇರಿದ ಈ ಕಾಡಿನೊಳಗಿನ ಹಳ್ಳಿಗಳಿಂದ ನಾನೂರಕ್ಕೂ ಹೆಚ್ಚು ಕುಟುಂಬಗಳು 2001-02ರ ಸುಮಾರಿಗೆ ಮನೆ, ಗದ್ದೆ ಬಿಟ್ಟು ಹೊರಬಂದವು. ಅವರಲ್ಲಿ ಬಹುಪಾಲು ಜನರಿಗೆ ನೆಲೆ ಸಿಕ್ಕಿದ್ದು ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಯಲ್ಲಿ. ಕಾಡಿಗೆ ನೆಮ್ಮದಿ ಸಿಗಲೆಂದು ಒಂದು ಊರೇ ಎದ್ದು ಹೋದ ಜಾಗದಲ್ಲಿ ಪ್ರವಾಸಿ ಸ್ಪೀಕರ್ ಹಚ್ಚಿ ಕುಣಿದರೆ ಆ ತ್ಯಾಗಕ್ಕೆ ಬೆಲೆಯೇನು?

ಇನ್ನೊಂದು ಸಂಗತಿ ಕಡೂರಿನದು. ಮಳೆ ಕಡಿಮೆ ಬೀಳುವ ಈ ತಾಲ್ಲೂಕಿನ ಅಯ್ಯನಕೆರೆ ಮತ್ತು ಮದಗದಕೆರೆಗಳಿಗೆ ಬಾಬಾಬುಡನ್ ಬೆಟ್ಟದ ಹಳ್ಳಗಳೇ ನೀರಿನ ಮೂಲ. ಆಲ್ಪ್ಸ್‌ನಲ್ಲಿ ಚಳಿಗಾಲದ ಹಿಮವೇ ಬೇಸಿಗೆಯ ನೀರು. ಇಲ್ಲಿ ಆ ಕೆಲಸ ಮಾಡುವುದು ಶೋಲಾ ಕಾಡು ಮತ್ತು ಹುಲ್ಲುಗಾವಲು. ಮಳೆಯನ್ನು ಹೀರಿಟ್ಟುಕೊಂಡು ತಿಂಗಳುಗಟ್ಟಲೆ ಮೆಲ್ಲಗೆ ಬಿಟ್ಟುಕೊಡುತ್ತವೆ. ಭೂಮಿಯ ತಾಪ ಏರಿ ಹಿಮ ಸಾಲದೆ, ಫ್ರಾನ್ಸಿನ ತಗ್ಗಿನ ಕೆಲವು ಸ್ಕೀ ತಾಣಗಳು ಲಿಫ್ಟ್‌ಗಳನ್ನೇ ನಿಲ್ಲಿಸಿವೆ. ಅಲ್ಲಿ ಹಿಮ ಹೋದರೆ ರಜೆ ಹೋಗುತ್ತದೆ. ಇಲ್ಲಿ ಹುಲ್ಲುಗಾವಲು ಹೋದರೆ ಕೆರೆಯೇ ಬತ್ತುತ್ತದೆ.

ಹೀಗಾಗಿ ಕೆಮ್ಮಣ್ಣುಗುಂಡಿಯ ರಜೆಗೆ ಯೋಜನೆ ಎಂದರೆ ಕೋಣೆ ಕಾಯ್ದಿರಿಸುವುದಷ್ಟೇ ಅಲ್ಲ. ಜನ ಮುಗಿಬೀಳುವ ಭಾನುವಾರ ಬಿಟ್ಟು ವಾರದ ನಡುವೆ ಹೋಗುವುದು, ಗುರುತಿಸಿದ ದಾರಿ ಬಿಟ್ಟು ಹುಲ್ಲಿನ ಮೇಲೆ ಬೈಕ್ ಹತ್ತಿಸದಿರುವುದು, ಒಯ್ದ ಪ್ಲಾಸ್ಟಿಕ್ಕನ್ನು ಮರಳಿ ತರುವುದು, ಬೇಸಿಗೆಯಲ್ಲಿ ಬೀಡಿ, ಸಿಗರೇಟಿನ ಕಿಡಿ ಎಸೆಯದಿರುವುದು, ಇವೂ ಅದರಲ್ಲಿ ಸೇರುತ್ತವೆ. ಮೇಲೆ ಬಿಟ್ಟುಬಂದದ್ದು ಒಂದು ಮಳೆಗಾಲ ಕಳೆಯುವುದರೊಳಗೆ ಕೆಳಗಿನ ಕೆರೆಗೆ ಬಂದು ಸೇರುತ್ತದೆ. ಕಡೂರಿನವರಿಗೆ ಆ ಬೆಟ್ಟ ಕಣ್ಣಿಗೆ ಮಾತ್ರ ದೂರ, ಹೊಲಕ್ಕೆ ಹತ್ತಿರ.